ಹೂಳು ತುಂಬಿದ ಹೊಂಡದಲ್ಲಿ ಮೀನು ಸಾಕುವ ಮೊದಲು

ಹೊಲದ ಹಳೆಯ ಮಣ್ಣಿನ ಹೊಂಡದಲ್ಲಿ ಮೀನು ಸಾಕಲು ಸಂಘದಿಂದ ಸಾಲ ಪಡೆಯಬೇಕೆಂದಿದ್ದೀರಾ? ಮರಿ ತರಲು ಅವಸರ ಬೇಡ, ಮೊದಲ ದುಡ್ಡು ಹೂಳೆತ್ತಲು ಹೋಗಲಿ ಎನ್ನುತ್ತೇವೆ ನಾವು. ಹೂಳು ತುಂಬಿದರೆ ಆಳ ಕಡಿಮೆಯಾಗಿ ಬೇಸಿಗೆಯಲ್ಲಿ ನೀರು ಕಾಯುತ್ತದೆ. ಕೊಳೆತ ಕಪ್ಪು ಕೆಸರು ನೀರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಮೀನು ಒಂದೇ ರಾತ್ರಿಯಲ್ಲಿ ಸತ್ತು ತೇಲಬಹುದು. ಸಾಲದ ಕಂತು ಮಾತ್ರ ನಿಲ್ಲೋದಿಲ್ಲ.

ಬೇಸಿಗೆಯಲ್ಲಿ ಹೊಂಡ ಒಣಗಿಸಿ, ತಳ ಬಿರುಕು ಬಿಡಲಿ. ಮರಿ ತಿನ್ನುವ ಕಾಡುಮೀನುಗಳೂ ಹೋಗುತ್ತವೆ. ಹೂಳೆತ್ತುವಾಗ ಅಡಿಯ ಜೇಡಿಮಣ್ಣು ಮುಟ್ಟಬಾರದು, ಆ ಪದರ ಹೋದರೆ ನೀರು ಇಂಗಿಬಿಡುತ್ತದೆ. ಜೆಸಿಬಿಯವರು ಗಂಟೆ ಲೆಕ್ಕದಲ್ಲಿ ಅಗೀತಾ ಹೋಗ್ತಾರೆ, ಪಕ್ಕದಲ್ಲೇ ನಿಂತು ನೋಡಿ. ತೆಗೆದ ಹೂಳನ್ನು ಏರಿಯ ಮೇಲೆ ಸುರಿದರೆ ಮೊದಲ ಮಳೆಗೇ ವಾಪಸ್ ಬರುತ್ತದೆ, ಹೊಲಕ್ಕೆ ಹಾಕಿ.

10 ಗುಂಟೆ ಹೊಂಡಕ್ಕೆ ಸುಮಾರು 25 ಕಿಲೋ ಸುಣ್ಣ ಚೆಲ್ಲಿ, ತಳದ ಹುಳಿ ತಗ್ಗುತ್ತದೆ. ಐದಾರು ಅಡಿ ನೀರು ನಿಂತು, ಸಗಣಿ ಹಾಕಿ ಎರಡು ವಾರವಾದ ಮೇಲೆ ಬೆರಳುದ್ದದ ಕಾಟ್ಲಾ, ರೋಹು, ಗೆಂಡೆ ಮರಿ ಎಲ್ಲಾ ಸೇರಿ 500 ಸಾಕು. ಹೆಚ್ಚು ಬಿಟ್ಟರೆ ಯಾವುದೂ ಬೆಳೆಯೋದಿಲ್ಲ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಸಗಣಿ, ಆಹಾರ ನಿಲ್ಲಿಸಿ ಹೊಸ ನೀರು ಬಿಡಿ. ಹೊಂಡದ ಸುತ್ತ ಬೇಲಿ ಇರಲಿ. ಮಕ್ಕಳು ಅಲ್ಲೇ ಆಡ್ತಾರೆ.