ಮಾತ್ರೆ ಹೊರಹಾಕುವಲ್ಲಿ ಕರುಳಿನ ಪಾಲು

ನಾರಾಯಣಗೂಡ: ಲಸಿಕೆ ಬೇಕೆಂದರೆ ಇಲ್ಲಿನ ಐಪಿಎಂ ಸಂಸ್ಥೆಯನ್ನು ಹುಡುಕಿಕೊಂಡು ಬರುವ ಜನರೇ, ಆಂಟಿಬಯಾಟಿಕ್ ಮಾತ್ರೆಗೆ ಮನೆಯ ಡಬ್ಬಿಯಲ್ಲಿ ಉಳಿದದ್ದು ಸಾಕೆನ್ನುವುದುಂಟು. ನುಂಗಿದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ ಎಂಬ ಧೈರ್ಯ ಹಲವರಿಗೆ. ಆದರೆ ಎಲ್ಲ ಔಷಧಗಳ ದಾರಿ ಅದೊಂದೇ ಅಲ್ಲ.

ಅಮಾಕ್ಸಿಸಿಲಿನ್ ಹೆಚ್ಚಾಗಿ ಮೂತ್ರಪಿಂಡಗಳ ಮೂಲಕ ಹೊರಬೀಳುತ್ತದೆ. ಅಜಿಥ್ರೋಮೈಸಿನ್ ಬಹುಪಾಲು ಯಕೃತ್ತಿನಿಂದ ಪಿತ್ತರಸದೊಡನೆ ಕರುಳಿಗಿಳಿದು ಮಲದಲ್ಲಿ ಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ನ ಒಂದು ಭಾಗವನ್ನು ಕರುಳಿನ ಒಳಪದರವೇ ರಕ್ತದಿಂದ ಸೆಳೆದು ಒಳಕ್ಕೆ ಬಿಡುತ್ತದೆ. ಡಾಕ್ಸಿಸೈಕ್ಲಿನ್‌ಗೂ ಕರುಳಿನ ದಾರಿಯಿದೆ. ಆದ್ದರಿಂದ ಮೂತ್ರಪಿಂಡ ಕುಂದಿದವರಿಗೂ ವೈದ್ಯರು ಸಾಮಾನ್ಯವಾಗಿ ಅದರ ಪ್ರಮಾಣ ಇಳಿಸುವುದಿಲ್ಲ.

ಈ ಉಪಕಾರಕ್ಕೆ ಬೆಲೆಯೂ ಇದೆ. ಕರುಳಿಗಿಳಿದ ಔಷಧ ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲಬಲ್ಲದು. ಭೇದಿಯಾಗಬಹುದು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಬಹುದು. ದೇಹದಿಂದ ಹೊರಬಿದ್ದದ್ದು ಚರಂಡಿ ಸೇರುತ್ತದೆ.

ಕಾರ್ಖಾನೆಗಳ ತ್ಯಾಜ್ಯದಿಂದಲೂ ಔಷಧ ನೀರಿಗೆ ಸೇರುತ್ತದೆ. ನಗರದ ಹೊರವಲಯದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸಿ ಬಿಟ್ಟ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದು 2007ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತ್ತು.

ನೆಗಡಿ, ಫ್ಲೂಗಳಿಗೆ ಕಾರಣ ವೈರಸ್; ಅವುಗಳ ಮೇಲೆ ಆಂಟಿಬಯಾಟಿಕ್ ನಡೆಯದು. ವೈದ್ಯರು ಬರೆದಾಗ ಮಾತ್ರ, ಬರೆದಷ್ಟು ದಿನ ನುಂಗುವುದು ಕ್ಷೇಮ. ಹಳೆಯ ಮಾತ್ರೆ ಮನೆಮಂದಿಗೆ ಹಂಚುವ ಪ್ರಸಾದವಲ್ಲ.