ಎಣ್ಣೆ ಬಿಸಿಗಿಡುವ ಮೊದಲು

ನಮ್ಮ ರೂಮಿನಲ್ಲಿ ನಾವು ಏಳು ಮಂದಿ. ಇಬ್ಬರು ಡ್ರೈವರುಗಳು, ಇಬ್ಬರು ಎ.ಸಿ. ಮೆಕ್ಯಾನಿಕ್‌ಗಳು, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಗೋದಾಮಿನಲ್ಲಿ ಸಾಮಾನು ಇಳಿಸುವವನು, ಇನ್ನೊಬ್ಬ ಹೋಟೆಲಿನ ಅಡುಗೆಯವನು. ಕುಂದಾಪುರ, ಬಂಟ್ವಾಳ, ಭಟ್ಕಳ, ಹಾಸನ ಎಂದು ಊರುಗಳು ಬೇರೆ ಬೇರೆ. ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಮಾತ್ರ ಎಲ್ಲರದ್ದೂ ಒಂದೇ ಮಾತು: ಸೊಂಟ, ಭುಜ, ಮೊಣಕಾಲು. ರಜೆಗೆ ಹೋಗಿ ಬರುವವರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಜತೆಗೆ ಒಂದು ಬಾಟಲಿ ನೋವಿನ ಎಣ್ಣೆ ಇದ್ದೇ ಇರುತ್ತದೆ. ಒಬ್ಬರ ಬೆನ್ನನ್ನು ಇನ್ನೊಬ್ಬರು ತಿಕ್ಕಿಕೊಡುವುದು ನಮ್ಮ ಹಳೆಯ ಪದ್ಧತಿ. ಆ ಪದ್ಧತಿಯಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಲೆಂದೇ ಈ ಲೇಖನ.

ಕಳೆದ ಚಳಿಗಾಲದಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಗೆಳೆಯ ಸೈಟಿನಲ್ಲಿ ಏಣಿ ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ ಪಾದ ಹೊರಳಿಸಿಕೊಂಡ. ಫೋರ್‌ಮನ್‌ಗೆ ಹೇಳಲಿಲ್ಲ. ಕುಂಟುತ್ತಲೇ ಡ್ಯೂಟಿ ಮುಗಿಸಿ ಬಸ್ಸು ಹತ್ತಿ ರೂಮಿಗೆ ಬಂದ. "ಹೇಳಿದ್ರೆ ರಜೆ ಹಾಕಿಸ್ತಾರೆ, ಸಂಬಳ ಕಟ್ ಆಗ್ತದೆ ಅಣ್ಣ" ಎಂದ. ನಮ್ಮಲ್ಲಿ ಹಿರಿಯರಾದ ಡ್ರೈವರಣ್ಣ, "ನಡ್ಕೊಂಡು ಬಂದಿದ್ದಿ ಅಲ್ವಾ, ಮುರಿದಿರ್ಲಿಕ್ಕಿಲ್ಲ ಮಾರಾಯ. ಬಿಸಿ ಎಣ್ಣೆ ಹಾಕಿ ಉಜ್ಜಿದ್ರೆ ಬೆಳಿಗ್ಗೆಗೆ ಸರಿ ಆಗ್ತದೆ" ಎಂದರು. ನಾವೂ ಹೌದೆಂದೆವು. ಒಬ್ಬ ಕಾಲು ಹಿಡಿದ, ಒಬ್ಬ ಎಣ್ಣೆ ಹಾಕಿದ, ಇನ್ನೊಬ್ಬ ಹೆಬ್ಬೆರಳು ಒತ್ತಿ ತಿಕ್ಕಿದ. ಮೂಳೆಯ ಮೇಲೆ ಬೆರಳು ಬಿದ್ದಾಗ ಅವನು ಕಿರುಚಿದ. "ಉಳುಕು ಬಿಡುವಾಗ ಹಾಗೇ" ಎಂದು ನಾವು ಬಿಡಲಿಲ್ಲ.

ಬೆಳಿಗ್ಗೆ ಪಾದ ಬೂಟಿನೊಳಗೆ ಹೋಗಲಿಲ್ಲ. ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದಾಗ ಹೊರಬದಿಯ ಗಂಟಿನ ಮೂಳೆ ಬಿರುಕು ಬಿಟ್ಟಿತ್ತು. ಬಿರುಕು ಸರಿದಿರಲಿಲ್ಲ ಎನ್ನುವುದೇ ಪುಣ್ಯ. ಬಾವು ಅಷ್ಟಿದ್ದುದರಿಂದ ಪ್ಲಾಸ್ಟರ್ ಹಾಕಲು ಕೆಲವು ದಿನ ಕಾಯಬೇಕಾಯಿತು. "ಯಾರು ಉಜ್ಜಿದ್ದು?" ಎಂದು ಡಾಕ್ಟರ್ ಕೇಳಿದಾಗ ನಾವು ನೆಲ ನೋಡಿದೆವು.

ಅಲ್ಲಿ ನಾವು ಕಲಿತ ಮೊದಲ ಪಾಠ: ನಡೆಯಲು ಬಂದರೆ ಮೂಳೆ ಮುರಿದಿಲ್ಲ ಎಂದಲ್ಲ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳನ್ನು ಇಂದು ಜಗತ್ತಿನ ಬಹಳಷ್ಟು ಆಸ್ಪತ್ರೆಗಳು ಬಳಸುತ್ತವೆ. ಪಾದದ ಗಂಟಿಗೆ ಪೆಟ್ಟಾದಾಗ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಹೆಜ್ಜೆ ಇಡಲು ಬಂದರೂ, ಗಂಟಿನ ಎರಡು ಬದಿಯ ಮೂಳೆಯ ತುದಿ ಅಥವಾ ಹಿಂಭಾಗ ಒತ್ತಿದಾಗ ನೋವಾದರೆ ಆಗಲೂ ಬೇಕು. ನಮ್ಮ ಗೆಳೆಯ ಕಿರುಚಿದ್ದು ಅಲ್ಲೇ.

ಎರಡನೆಯ ಪಾಠ ಕಾನೂನಿನದ್ದು. ಯು.ಎ.ಇ.ಯ ಖಾಸಗಿ ಕಂಪನಿಗಳಿಗೆ ಅನ್ವಯಿಸುವ 2021ರ 33ನೇ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಯ ಖರ್ಚು ಕಂಪನಿಯದ್ದು. ಚಿಕಿತ್ಸೆಯ ಅವಧಿಗೆ, 6 ತಿಂಗಳವರೆಗೆ, ಪೂರ್ತಿ ಸಂಬಳ ಕೊಡಬೇಕು. ಅದಕ್ಕೂ ಮೀರಿದರೆ ಮುಂದಿನ 6 ತಿಂಗಳವರೆಗೆ ಅರ್ಧ ಸಂಬಳ. ಮನೆಗೆಲಸದವರಿಗೆ ಬೇರೆ ಕಾನೂನಿದೆ. ಆದರೆ ಗಾಯವಾದದ್ದನ್ನೇ ಮುಚ್ಚಿಟ್ಟರೆ? "ಸೈಟಿನಲ್ಲಿ ಬಿದ್ದಿದ್ದೋ, ಕ್ರಿಕೆಟ್ ಆಡುವಾಗಲೋ?" ಎಂಬ ಪ್ರಶ್ನೆ ಬಂತು. ಏಣಿ ಹಿಡಿದಿದ್ದ ಹೆಲ್ಪರ್ ಧೈರ್ಯದಿಂದ ಸಾಕ್ಷಿ ಹೇಳಿದ್ದರಿಂದ ನಮ್ಮ ಗೆಳೆಯನ ಸಂಬಳ ಉಳಿಯಿತು. ಪೆಟ್ಟಾದ ದಿನವೇ ಫೋರ್‌ಮನ್‌ಗೆ ತಿಳಿಸಿ, ಬರವಣಿಗೆಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಆರು ವಾರದ ಬಳಿಕ ಪ್ಲಾಸ್ಟರ್ ಬಿಚ್ಚಿದರು. ಮೀನಖಂಡ ಸೊರಗಿತ್ತು, ಗಂಟು ಮರದಂತೆ ಬಿಗಿದಿತ್ತು. ಫಿಸಿಯೋಥೆರಪಿ ಮೇಡಂ ಕೇರಳದವರು, ಓದಿದ್ದು ಮಂಗಳೂರಿನಲ್ಲಿ. ನಮ್ಮ ಕನ್ನಡ ಕೇಳಿ ಅವರಿಗೂ ಖುಷಿಯಾಯಿತು. "ಉಜ್ಜಿದ ಕೈಗಳು ಯಾವುವು? ಬನ್ನಿ, ಸರಿಯಾಗಿ ಕಲಿಸ್ತೇನೆ" ಎಂದು ನಗುತ್ತಾ ಕರೆದರು. ಅವರು ಕಲಿಸಿದ್ದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮೂಳೆ ಮುರಿಯದೆ ಸ್ನಾಯು ಅಥವಾ ಕೀಲನ್ನು ಕಟ್ಟಿಹಿಡಿಯುವ ಲಿಗಮೆಂಟ್ ಎಳೆದುಕೊಂಡಿದ್ದರೆ, ಮೊದಲ ಎರಡು ಮೂರು ದಿನ ಗಾಯದ ಜಾಗಕ್ಕೆ ಮಸಾಜ್ ಬೇಡ, ಬಿಸಿ ಶಾಖವೂ ಬೇಡ. ಒಳಗೆ ಸಣ್ಣ ರಕ್ತನಾಳಗಳು ಹರಿದಿರುತ್ತವೆ. ಉಜ್ಜಿದರೆ ರಕ್ತ ಇನ್ನಷ್ಟು ಒಸರುತ್ತದೆ, ಬಾವು ಏರುತ್ತದೆ. ತೊಡೆಗೋ ಮೊಣಕೈಗೋ ಬಲವಾದ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ಜಾಗವನ್ನು ಬಲವಾಗಿ ತಿಕ್ಕಿದರೆ, ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಮಡಚಲಾಗದ ಸ್ಥಿತಿಯೂ ಬರಬಹುದು. ಆ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸನ್ನು 15ರಿಂದ 20 ನಿಮಿಷ, ದಿನಕ್ಕೆ ಕೆಲವು ಸಲ ಇಡಿ. ಫ್ರೀಜರಿನ ಬಟಾಣಿ ಪ್ಯಾಕೆಟ್ಟೂ ಆದೀತು. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಕೂಡಲೇ ಸಡಿಲಿಸಿ. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ.

ಬಾವು ಇಳಿಯತೊಡಗಿದ ಮೇಲೆ ಕೈಯ ಕೆಲಸ. ಮೊದಲನೆಯದು ನೀವುವುದು. ಅಂಗೈಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಪಾದದಿಂದ ಮೊಣಕಾಲಿನ ಕಡೆಗೆ, ಅಂದರೆ ಹೃದಯದ ದಿಕ್ಕಿಗೆ, ಮಗುವಿಗೆ ಎಣ್ಣೆ ಹಚ್ಚುವಷ್ಟು ಹಗುರವಾಗಿ ಐದು ನಿಮಿಷ ನೀವಿ. ಎರಡನೆಯದು ನಾದುವುದು. ಬಿಗಿದ ಮೀನಖಂಡವನ್ನೋ ಭುಜವನ್ನೋ ಅಂಗೈ ತುಂಬ ಹಿಡಿದು, ಚಪಾತಿ ಹಿಟ್ಟು ನಾದಿದಂತೆ ಎತ್ತಿ, ಒತ್ತಿ, ಬಿಡಿ. ಮೂರನೆಯದು ಬೆರಳ ತುದಿಯಿಂದ ಎಳೆಗೆ ಅಡ್ಡಲಾಗಿ ಆಳವಾಗಿ ತಿಕ್ಕುವುದು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಡಾ. ಜೇಮ್ಸ್ ಸಿರಿಯಾಕ್ಸ್ ಇದನ್ನು ಪ್ರಚಾರಕ್ಕೆ ತಂದವರು. ಇದು ಕಲಿತವರ ಕೆಲಸ, ರೂಮಿನಲ್ಲಿ ಬೇಡ.

ಒತ್ತಡಕ್ಕೆ ಮೇಡಂ ಕೊಟ್ಟ ಅಳತೆ ಸುಲಭ. ನೋವಿಗೆ ಹತ್ತರಲ್ಲಿ ಅಂಕ ಕೊಡಿ, ಮೂರು ದಾಟಿದರೆ ಕೈ ಹಗುರ ಮಾಡಿ. "ನೋವಾದಷ್ಟೂ ಗುಣ" ಎನ್ನುವುದು ಸುಳ್ಳು. ಬೆನ್ನಿನಲ್ಲಿ ಬೆನ್ನೆಲುಬಿನ ಮೇಲೆ ಒತ್ತಬೇಡಿ, ಅದರ ಎರಡೂ ಬದಿಯ ಸ್ನಾಯುವಿಗೆ ಮಾತ್ರ ಕೈ ಹಾಕಿ. ಯಾರೂ ಸಿಗದಿದ್ದರೆ ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಚೆಂಡಿಟ್ಟು, ಬಿಗಿದ ಜಾಗಕ್ಕೆ ಅರ್ಧ ನಿಮಿಷ ಒರಗಿ ನಿಲ್ಲಿ. ಮೆಂಥಾಲ್ ಮುಲಾಮು ಹಚ್ಚಿದ ಮೇಲೆ ಬಿಸಿ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಎಷ್ಟಿದೆ ಎಂದೇ ತಿಳಿಯುವುದಿಲ್ಲ. ಇನ್ನೊಬ್ಬರು ಮುಟ್ಟಿ ನೋಡಲಿ.

ಮಸಾಜ್ ಹರಿದದ್ದನ್ನು ಹೊಲಿಯುವುದಿಲ್ಲ. ಸ್ಪರ್ಶದ ನರಗಳು ಎಚ್ಚರಗೊಂಡಾಗ ನೋವಿನ ಸಂದೇಶ ಮಂದವಾಗುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಕೊಟ್ಟ ವಿವರಣೆಯಿದು. ಆ ಹಾಯಾದ ಹೊತ್ತಿನಲ್ಲಿ ವ್ಯಾಯಾಮ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ಹೇಳಿದ ಉಪಾಯಗಳಲ್ಲೂ ಮಸಾಜ್ ಇದೆ, ಅದರ ಜತೆಗೆ ವ್ಯಾಯಾಮವೂ ಇದೆ. ನಮ್ಮ ಗೆಳೆಯನಿಗೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಎಬಿಸಿಡಿ ಬರೆಯಲು ಹೇಳಿದ್ದರು. ಅವನು ಅ, ಆ, ಇ, ಈ ಬರೆದ. "ಕನ್ನಡಕ್ಕೆ ಸುತ್ತು ಜಾಸ್ತಿ, ಕಾಲಿಗೆ ಒಳ್ಳೇದು" ಎಂದರು ಮೇಡಂ.

ಇನ್ನು, ಎಣ್ಣೆ ಬಾಟಲಿ ಮುಟ್ಟಲೇಬಾರದ ನೋವುಗಳು. ಎಡಭುಜ, ತೋಳು, ದವಡೆಯ ನೋವಿನ ಜತೆ ಎದೆ ಬಿಗಿತ, ತಣ್ಣನೆಯ ಬೆವರು ಇದ್ದರೆ ಹೃದಯದ ಸಮಸ್ಯೆ ಇರಬಹುದು, ಯು.ಎ.ಇ.ಯಲ್ಲಿ 998ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಬಿಸಿಲಿನಲ್ಲಿ ದುಡಿದ ಮೇಲೆ ಮೈಯೆಲ್ಲ ನೋವು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ ಮೂತ್ರಪಿಂಡಕ್ಕೆ ಅಪಾಯ. ಸೊಂಟನೋವಿನ ಜತೆ ಕಾಲಿನ ಬಲ ಕುಸಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಬಲವಾದ ಮಸಾಜಿನಿಂದ ದೂರವಿರಬೇಕು.

ಕಾರಿನ ಗಾಜಿಗೆ ಸಿಕ್ಕಿಸುವ, ದುಬೈಯ ರಸ್ತೆಗಳಲ್ಲಿ ಚೆಲ್ಲಿರುವ ಮಸಾಜ್ ಕಾರ್ಡುಗಳ ಮಾತು ಬೇಡವೇ ಬೇಡ. ಅವನ್ನು ನಂಬಿ ಹೋಗಿ ದುಡ್ಡು ಕಳೆದುಕೊಂಡವರಿದ್ದಾರೆ. ಪೊಲೀಸರೂ ಎಚ್ಚರಿಸುತ್ತಲೇ ಬಂದಿದ್ದಾರೆ. ಆರೋಗ್ಯ ಇಲಾಖೆಯ ಲೈಸೆನ್ಸ್ ಇರುವ ಫಿಸಿಯೋಥೆರಪಿಸ್ಟರ ಬಳಿಗೇ ಹೋಗಿ.

ಗೆಳೆಯ ಈಗ ಮತ್ತೆ ಏಣಿ ಹತ್ತುತ್ತಿದ್ದಾನೆ. ನಮ್ಮ ರೂಮಿನ ಎಣ್ಣೆ ಬಾಟಲಿ ಹಳೆಯ ಜಾಗದಲ್ಲೇ ಇದೆ, ಬೆನ್ನು ತಿಕ್ಕಿಕೊಡುವುದೂ ನಿಂತಿಲ್ಲ. ಆದರೆ ಯಾರಾದರೂ ಕುಂಟುತ್ತಾ ಬಂದರೆ ಡ್ರೈವರಣ್ಣ ಎಣ್ಣೆ ಬಿಸಿಗಿಡುವ ಮೊದಲು ಎರಡು ಪ್ರಶ್ನೆ ಕೇಳುತ್ತಾರೆ: "ಮೂಳೆ ಒತ್ತಿದ್ರೆ ನೋವುಂಟಾ? ಫೋರ್‌ಮನ್‌ಗೆ ಹೇಳಿದ್ಯಾ?"