ಕುಂಡದ ಗಿಡ ಹಳದಿಯಾದರೆ ಗೊಬ್ಬರಕ್ಕೆ ಮೊದಲು ನೀರನ್ನು ನೋಡಿ

ಮನೆಯಂಗಳದ ಕುಂಡದಲ್ಲಾಗಲಿ, ಸಸ್ಯಕ್ಷೇತ್ರದ ಪಾಲಿಥೀನ್ ಚೀಲದಲ್ಲಾಗಲಿ ಬೆಳೆದ ಮಲ್ಲಿಗೆ, ಗುಲಾಬಿ, ದಾಸವಾಳ, ನಿಂಬೆ ಗಿಡಗಳ ಚಿಗುರೆಲೆ ಬೇಸಿಗೆಯ ಹೊತ್ತಿಗೆ ಹಳದಿಗೆ ತಿರುಗುವುದನ್ನು ಬಹುಮಂದಿ ರೈತ ಬಾಂಧವರು ಕಂಡಿರಬಹುದು. ಗೊಬ್ಬರ ಸಾಲದೆಂದು ಭಾವಿಸಿ ಯೂರಿಯಾ ಹಾಕುತ್ತಾರೆ. ಗಿಡ ಚೇತರಿಸಿಕೊಳ್ಳುವುದಿಲ್ಲ. ಮತ್ತಷ್ಟು ಹಾಕಿದಾಗ ಎಲೆಯ ಅಂಚು ಸುಡುತ್ತದೆ. ಮಾರಾಟಕ್ಕೆಂದು ಸಾವಿರಾರು ಕಸಿ ಗಿಡ ಬೆಳೆಸಿದವರಿಗೆ ಇದು ಸಣ್ಣ ನಷ್ಟವಲ್ಲ; ಹಳದಿ ಗಿಡವನ್ನು ಕೊಳ್ಳುವವರಿಲ್ಲ. ಕೊಳವೆ ಬಾವಿಯ ಗಡಸು ನೀರನ್ನೇ ನಂಬಿರುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂತಹ ಕಡೆಗಳಲ್ಲಿ ಅನೇಕ ವೇಳೆ ಇದಕ್ಕೆ ಕಾರಣ ಗೊಬ್ಬರದ ಕೊರತೆಯಲ್ಲ. ಕುಂಡದ ಮಣ್ಣಿನ ರಸಸಾರ ಏರಿರುತ್ತದೆ. ಏರಿಸಿದ್ದು ನಾವು ದಿನವೂ ಹಾಕುವ ನೀರು.

ರಸಸಾರವೆಂದರೇನು?

ಮಣ್ಣಿನ ಹುಳಿ ಅಥವಾ ಕ್ಷಾರ ಗುಣವನ್ನು ತಿಳಿಸುವ ಅಂಕಿಯೇ ರಸಸಾರ ಅಥವಾ ಪಿ.ಎಚ್. ಡೆನ್ಮಾರ್ಕಿನ ವಿಜ್ಞಾನಿ ಸೋರೆನ್‌ಸೆನ್ 1909ರಲ್ಲಿ ಈ ಅಳತೆಯನ್ನು ರೂಪಿಸಿದರು. 7 ಎಂದರೆ ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಆದರೆ ಈ ಅಂಕಿಗಳು ಸೇರು ಪಾವಿನ ಲೆಕ್ಕದಂತೆ ಏರುವುದಿಲ್ಲ. ಒಂದು ಅಂಕಿಗೆ ಹತ್ತು ಪಟ್ಟು ವ್ಯತ್ಯಾಸ. 7 ಇರುವ ಮಣ್ಣಿಗಿಂತ 6 ಇರುವುದು ಹತ್ತು ಪಟ್ಟು, 5 ಇರುವುದು ನೂರು ಪಟ್ಟು ಹೆಚ್ಚು ಹುಳಿ. ಆದುದರಿಂದ 6.8 ಇದ್ದದ್ದು 7.8 ಆದರೆ ಒಂದೇ ಅಂಕಿ ತಾನೇ ಎಂದು ತಳ್ಳಿಹಾಕುವಂತಿಲ್ಲ.

ಹೆಚ್ಚಿನ ಕುಂಡದ ಗಿಡಗಳಿಗೆ 6ರಿಂದ 7ರವರೆಗಿನ ರಸಸಾರ ಒಳ್ಳೆಯದು. 7.5 ದಾಟಿದೊಡನೆ ಕಬ್ಬಿಣ, ಸತು, ಮ್ಯಾಂಗನೀಸ್ ಇವು ಗಿಡಕ್ಕೆ ದೊರೆಯುವುದು ಕಷ್ಟವಾಗುತ್ತದೆ. ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಆದರೂ ಗಿಡ ಕಬ್ಬಿಣಕ್ಕಾಗಿ ಹಸಿಯುತ್ತದೆ, ಏಕೆಂದರೆ ಅದು ತುಕ್ಕಿನ ರೂಪದಲ್ಲಿ ನೀರಿಗೆ ಕರಗದೆ ಕುಳಿತಿರುತ್ತದೆ. ಇಂತಹ ಗಿಡಕ್ಕೆ ಯೂರಿಯಾ ಕೊಟ್ಟರೆ ಪ್ರಯೋಜನವಿಲ್ಲ.

ಎಲೆಯಲ್ಲಿ ಗುರುತು ಹಿಡಿಯುವುದು

ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ಮೊದಲು ಇಡಿಯಾಗಿ ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಲ್ಲಿ ತುದಿಯ ಚಿಗುರೆಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಉಲ್ಬಣಿಸಿದಾಗ ಎಲೆ ಬಿಳಿಚಿಕೊಳ್ಳುತ್ತದೆ. ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಸಿಯಂ ಕೊರತೆಯನ್ನು ಶಂಕಿಸಬೇಕು. ಒಂದು ಎಚ್ಚರಿಕೆ: ಕುಂಡದ ತಳದ ತೂತು ಮುಚ್ಚಿ ಬೇರು ನೀರಿನಲ್ಲಿ ನಿಂತರೂ ಚಿಗುರು ಹಳದಿಯಾಗುವುದುಂಟು. ಮೊದಲು ತೂತನ್ನು ನೋಡತಕ್ಕದ್ದು.

ಕುಂಡದಲ್ಲೇ ಏಕೆ ಹೆಚ್ಚು?

ಗಡಸು ನೀರಿನಲ್ಲಿ ಸುಣ್ಣ, ಮೆಗ್ನೀಸಿಯಂಗಳ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ಆರಿದಂತೆ ಅದು ಸುಣ್ಣದ ರೂಪ ತಾಳಿ ಮಣ್ಣಿನಲ್ಲಿ ಉಳಿಯುತ್ತದೆ. ಒಂದು ಲೆಕ್ಕ ಹಾಕೋಣ. ಸುಣ್ಣದ ಲೆಕ್ಕದಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಷಾರತೆ ಇರುವ ನೀರನ್ನು ಒಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರಿನಂತೆ ಹಾಕಿದರೆ, ವರ್ಷಕ್ಕೆ ಸುಮಾರು 180 ಲೀಟರ್ ನೀರಿನೊಡನೆ 45 ಗ್ರಾಂ ಸುಣ್ಣ ಬಿದ್ದಂತಾಯಿತು. ಕುಂಡದಲ್ಲಿರುವುದು 10 ಕಿಲೋ ಮಣ್ಣು. ಇದೇ ಪ್ರಮಾಣವನ್ನು ಒಂದು ಎಕರೆ ಹೊಲದ ಮೇಲ್ಮಣ್ಣಿಗೆ ಹೋಲಿಸಿದರೆ ಮೂರೂವರೆ ಟನ್ನಿಗೂ ಮೀರುತ್ತದೆ! ತಳದಿಂದ ಬಸಿದು ಹೋಗುವ ಭಾಗವನ್ನು ಕಳೆದರೂ ಇದು ಕಡಿಮೆಯಲ್ಲ. ಹೊಲದ ಮಣ್ಣು ಚೆನ್ನಾಗಿದೆಯೆಂಬ ವರದಿ ಕೈಯಲ್ಲಿದ್ದರೂ, ಅದೇ ಮಣ್ಣು ಕುಂಡ ಸೇರಿದ ವರ್ಷದೊಳಗೆ ಗುಣ ಬದಲಿಸಬಹುದು.

ನೀರಿನ ರಸಸಾರವನ್ನು ಮಾತ್ರ ನೋಡಿದರೆ ಸಾಲದು. ರಸಸಾರ 7.4 ಇದ್ದು ಬೈಕಾರ್ಬೊನೇಟ್ ಹೆಚ್ಚಿರುವ ನೀರು, ರಸಸಾರ 8 ಇದ್ದು ಬೈಕಾರ್ಬೊನೇಟ್ ಕಡಿಮೆಯಿರುವ ನೀರಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಪ್ರಯೋಗಾಲಯಕ್ಕೆ ನೀರು ಕೊಡುವಾಗ ಬೈಕಾರ್ಬೊನೇಟ್ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು.

ನೀರಿನ ಜೊತೆಗೆ ನಮ್ಮ ಕೆಲವು ರೂಢಿಗಳೂ ಸೇರಿಕೊಳ್ಳುತ್ತವೆ. ಒಲೆಯ ಬೂದಿ ಕ್ಷಾರ ವಸ್ತು. ಗಡಸು ನೀರಿನ ಊರಿನಲ್ಲಿ ಅದನ್ನು ಕುಂಡಕ್ಕೆ ಹಾಕಬಾರದು. ಹೊಸ ಸಿಮೆಂಟ್ ಕುಂಡದಿಂದ ಸುಣ್ಣ ಬಿಡುತ್ತದೆ. ವಾರ ಕಾಲ ನೀರು ತುಂಬಿಟ್ಟು, ಆಗಾಗ ಬದಲಿಸಿ, ಆಮೇಲೆ ಮಣ್ಣು ತುಂಬಬೇಕು. ಇತ್ತೀಚೆಗೆ ಶುದ್ಧ ನೀರಿನ ಯಂತ್ರಗಳು ಹೊರಬಿಡುವ ನೀರನ್ನು ಹಾಳು ಮಾಡಬಾರದೆಂದು ಗಿಡಗಳಿಗೆ ಸುರಿಯುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಮೂಲ ನೀರಿನ ಲವಣಗಳೆಲ್ಲ ಅದರಲ್ಲಿ ಮತ್ತೂ ಗಟ್ಟಿಯಾಗಿರುತ್ತವೆ. ಅದನ್ನು ನೆಲ ತೊಳೆಯಲು ಬಳಸುವುದು ಲೇಸು.

ಪರೀಕ್ಷೆ

ಕುಂಡದ ಮೇಲ್ಪದರವನ್ನು ಸರಿಸಿ, ಬೇರಿನ ಆಳದಿಂದ ಮಣ್ಣು ತೆಗೆದು ನೆರಳಿನಲ್ಲಿ ಒಣಗಿಸಿ. 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಬಟ್ಟಿ ಇಳಿಸಿದ ನೀರನ್ನು ಬೆರೆಸಿ, ಅರ್ಧ ಗಂಟೆ ಆಗಾಗ ಕಲಕಿ, ಪಿ.ಎಚ್. ಕಾಗದದಿಂದಲೋ ಪೆನ್ನಿನಾಕಾರದ ಮಾಪಕದಿಂದಲೋ ಅಳೆಯಬಹುದು. ಮಾಪಕವನ್ನು 4 ಮತ್ತು 7ರ ದ್ರಾವಣಗಳಲ್ಲಿ ಮೊದಲು ಸರಿಹೊಂದಿಸಬೇಕು. ಇನ್ನೊಂದು ಸುಲಭ ಪರೀಕ್ಷೆಯಿದೆ. ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹನಿಸಿದಾಗ ನೊರೆಯುಕ್ಕಿದರೆ, ಸುಣ್ಣ ಬಿಡಿಯಾಗಿ ಸೇರಿಕೊಂಡಿದೆಯೆಂದು ತಿಳಿಯಬೇಕು.

ಸರಿಪಡಿಸುವ ಬಗೆ

ನೊರೆ ಬಂದ ಮಣ್ಣಿಗೆ ಔಷಧ ಹುಡುಕುವುದು ವ್ಯರ್ಥ. ಗಿಡವನ್ನು ಹೊಸ ಮಿಶ್ರಣಕ್ಕೆ ವರ್ಗಾಯಿಸುವುದೇ ಅಗ್ಗ. ನೊರೆ ಬಾರದೆ ರಸಸಾರ 7.5 ದಾಟಿದ್ದರೆ, ಕಿಲೋ ಮಣ್ಣಿಗೆ 1 ಗ್ರಾಂನಂತೆ ಗಂಧಕದ ಪುಡಿ ಬೆರೆಸಬಹುದು. ಮಣ್ಣಿನ ಸೂಕ್ಷ್ಮಾಣು ಜೀವಿಗಳು ಅದನ್ನು ಆಮ್ಲವಾಗಿ ಮಾರ್ಪಡಿಸಲು ತೇವ, ಬಿಸುಪು ಮತ್ತು ಆರೆಂಟು ವಾರಗಳ ಕಾಲ ಬೇಕು. ಅವಸರಪಟ್ಟು ಮತ್ತೆ ಮತ್ತೆ ಹಾಕಬಾರದು.

ನಿಂಬೆರಸ, ಹುಣಸೆ ನೀರು ಹಾಕುವ ಪದ್ಧತಿಯ ಬಗ್ಗೆ ಹಲವರು ಕೇಳುತ್ತಾರೆ. ಆ ಹುಳಿಯನ್ನು ಮಣ್ಣಿನ ಜೀವಿಗಳು ಬೇಗನೆ ತಿಂದು ಮುಗಿಸುತ್ತವೆ. ಪರಿಣಾಮ ಹೆಚ್ಚು ಕಾಲ ನಿಲ್ಲದು. ಸೋಸಿದ ಕಾಫಿ ಪುಡಿಯ ಗಸಿಯಲ್ಲಿಯೂ ಜನ ನಂಬಿರುವಷ್ಟು ಹುಳಿಯಿಲ್ಲ.

ನಿಜವಾದ ಪರಿಹಾರ ಮಳೆ ನೀರು. ಹತ್ತು ಚದರ ಮೀಟರ್ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆಯಾದರೆ 500 ಲೀಟರ್ ನೀರು ಬೀಳುತ್ತದೆ. ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟು, ಕೊಳವೆ ಬಾವಿ ನೀರಿನೊಡನೆ ಸಮಪಾಲು ಬೆರೆಸಿದರೂ ಬೀಳುವ ಸುಣ್ಣ ಅರ್ಧಕ್ಕೆ ಇಳಿಯುತ್ತದೆ. ಎಲ್ಲ ಗಿಡಕ್ಕೂ ಸಾಲದಿದ್ದಲ್ಲಿ ಕೇಪಳ, ಗುಲಾಬಿ, ನಿಂಬೆ ಸಸಿಗಳಿಗೆ ಮೀಸಲಿಡಿ.

ಮಲೆನಾಡು, ಕರಾವಳಿಯವರಿಗೆ ಮೇಲಿನ ಮಾತುಗಳು ತಿರುವುಮುರುವು. ಹೆಚ್ಚು ಮಳೆಯಿಂದ ಸುಣ್ಣ ಕೊಚ್ಚಿಹೋದ ಅಲ್ಲಿನ ಜಂಬಿಟ್ಟಿಗೆ ಮಣ್ಣು ಸಹಜವಾಗಿಯೇ ಹುಳಿ, ರಸಸಾರ 5.5ಕ್ಕಿಂತ ಕಡಿಮೆಯಿದ್ದರೆ ಕಿಲೋ ಮಣ್ಣಿಗೆ 1ರಿಂದ 2 ಗ್ರಾಂ ಕೃಷಿ ಸುಣ್ಣವನ್ನು ಗಿಡ ನೆಡುವ ಎರಡು ಮೂರು ವಾರ ಮೊದಲೇ ಬೆರೆಸಬೇಕು. ಅಮೋನಿಯಂ ಸಲ್ಫೇಟ್ ಹುಳಿಯನ್ನು ಇನ್ನೂ ಹೆಚ್ಚಿಸುತ್ತದೆ: ಅದರ 100 ಕಿಲೋ ಉಂಟುಮಾಡುವ ಹುಳಿಯನ್ನು ಕಳೆಯಲು ಸುಮಾರು 110 ಕಿಲೋ ಸುಣ್ಣದ ಕಲ್ಲಿನ ಪುಡಿ ಬೇಕು.

ಈಗಾಗಲೇ ಹಳದಿಯಾದ ಗಿಡಕ್ಕೆ ತಕ್ಷಣದ ಉಪಚಾರವಾಗಿ, ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗಳಿಗೆ ಸಿಂಪಡಿಸಬೇಕು. ಮೊದಲು ಎರಡು ಗಿಡಗಳಿಗೆ ಹಾಕಿ, ಎಲೆ ಸುಡದಿದ್ದರೆ ಮುಂದುವರಿಸಿ. ಹತ್ತು ದಿನಕ್ಕೊಮ್ಮೆಯಂತೆ ಎರಡು ಮೂರು ಬಾರಿ ಸಾಕು. ಅನ್ನಭೇದಿಯನ್ನು ಕ್ಷಾರ ಮಣ್ಣಿಗೆ ಹಾಕಿದರೆ ಅದೂ ತುಕ್ಕಾಗುತ್ತದೆ. ಮಣ್ಣಿಗೇ ಕೊಡುವುದಾದರೆ ಇ.ಡಿ.ಡಿ.ಎಚ್.ಎ. ರೂಪದ ಕಬ್ಬಿಣ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಇ.ಡಿ.ಟಿ.ಎ. ಕಬ್ಬಿಣ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಸಿಂಪರಣೆಯ ದ್ರಾವಣವನ್ನು ಆಯಾ ದಿನವೇ ತಯಾರಿಸಬೇಕು. ನಿಂತು ಕಂದು ಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಿಬಿಡಿ.